ನೋವಿನ ತಕ್ಕಡಿಯಲ್ಲಿ ಹವಾಲ್ದಾರ ಲಗಮಪ್ಪ

ನೋವು ತೂಗುವ ಯಂತ್ರ ಬಂದಿದೆಯಂತೆ ಎಂಬ ಸುದ್ದಿ ಮುರಗಟ್ಟಿಗೆ ಮುಟ್ಟಿದಾಗ ಎಲ್ಲರಿಗಿಂತ ಮೊದಲು ನಕ್ಕವಳು ಕಾಶವ್ವ. "ನಮ್ಮತ್ತಿ ಇದ್ದಾಗ ಬರಬಾರದಿತ್ತೇನವಾ ಇದು! ಆಕೀ ಮೊಣಕಾಲ ನೋವು ತೂಗಾಕ ಕಬ್ಬಿನ ಫ್ಯಾಕ್ಟರಿ ಕಾಟಾನ ಬೇಕಾಗ್ತಿತ್ತು" ಎಂದು ಅಂಗನವಾಡಿಯ ಸಹಾಯಕಿಯ ಮುಂದೆ ಚೇಷ್ಟೆ ಮಾಡಿದ್ದಳು. ಅದೇ ಯಂತ್ರದ ಕುರ್ಚಿಯಲ್ಲಿ ಗಂಡ ಕೂರುವ ಹೊತ್ತು ಬಂದಾಗ ಆ ನಗು ಎಲ್ಲಿ ಹೋಯಿತೋ ಏನೋ.

ಯಂತ್ರಕ್ಕೆ ವೇದನಾಮಾಪಕ ಎಂದು ಹೆಸರಿಟ್ಟಿದ್ದರು. ಜನ ಅದನ್ನು ನೋವಿನ ತಕ್ಕಡಿ ಅಂದರು, ಅದೇ ಉಳಿಯಿತು. ಮಾಜಿ ಸೈನಿಕರ ಔಷಧೋಪಚಾರ, ಅವರ ಮಕ್ಕಳ ಓದು, ಇವೆರಡನ್ನೂ ನೆಟ್ಟಗೆ ಮಾಡಬೇಕೆಂದು ಸರಕಾರ ಮನಸ್ಸು ಮಾಡಿದ ವರ್ಷ ಅದು ಬಂತು. ಸುಳ್ಳು ಯಾಕೆ ಹೇಳಬೇಕು, ಮನಸ್ಸು ಮಾಡಿದ್ದು ಖರೆ. ಅದಕ್ಕೂ ಮುಂಚೆ ಕಾಲು ಕಳಕೊಂಡವನು ತನಗೆ ಕಾಲಿಲ್ಲ ಎಂದು ರುಜುವಾತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು, ಅದೂ ಆ ಇಲ್ಲದ ಕಾಲಿನಲ್ಲೇ! ಇತ್ತ ಸ್ಟೋರ್‌ರೂಮಿನ ಕುರ್ಚಿ ಬಿಟ್ಟು ಏಳದವನು ಯಾರದೋ ಕೈಬಿಸಿ ಮಾಡಿ ಅಂಗವಿಕಲನೆಂದು ಬರೆಸಿಕೊಂಡು ಆರಾಮವಾಗಿರುತ್ತಿದ್ದ. ಇನ್ನು ಅಂಥದ್ದು ನಡೆಯಲ್ಲ ಅಂದರು. ಡಾಕ್ಟರ ಸಹಿ ಬೇಡ, ಸಾಕ್ಷಿ ಬೇಡ, ಶಿಫಾರಸು ಬೇಡ. ಕುರ್ಚಿಯಲ್ಲಿ ಕೂತು ತಲೆಗೊಂದು ಟೊಪ್ಪಿಗೆ, ಕುತ್ತಿಗೆಗೊಂದು ಪಟ್ಟಿ ಹಾಕಿಸಿಕೊಂಡರೆ ಸಾಕು. ಮೈಯೊಳಗಿಂದ ಬೆನ್ನುಹುರಿಯ ದಾರಿಯಲ್ಲಿ ಮೇಲೇರಿ ಮಿದುಳಿಗೆ ಎಷ್ಟು ನೋವು ಬಂದು ಮುಟ್ಟುತ್ತದೋ ಅಷ್ಟನ್ನೂ ಯಂತ್ರ ಎಣಿಸಿ, ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕೊಡುತ್ತದೆ. ಐವತ್ತು ದಾಟಿದರೆ ಪೂರ್ಣ ಶ್ರೇಣಿ. ಯೋಧನಿಗೆ ಮನೆ ಬಾಗಿಲಿಗೇ ಬಂದು ಚಿಕಿತ್ಸೆ ಕೊಡುತ್ತಾರೆ, ಮಕ್ಕಳು ಎಲ್ಲಿಯವರೆಗೆ ಓದಿದರೂ ಆ ಓದು ಸರಕಾರದ್ದು.

ಕಾಶವ್ವನ ಗಂಡ ಲಗಮಪ್ಪನಿಗೆ ಅದು ಬಾರದೆ ಇನ್ನಾರಿಗೆ ಬರಬೇಕು, ಹೇಳಿ! ಹುಡುಗಾಟದ ವಯಸ್ಸಿನಲ್ಲೇ ಪಲ್ಟನ್ ಸೇರಿ ಹವಾಲ್ದಾರನಾಗಿದ್ದವನು. ಹಿಮದ ಗಡಿಯಲ್ಲಿ ಗುಡ್ಡ ಜರಿದು ಲಾರಿಯ ಅಡಿ ಸಿಕ್ಕ. ಬೆನ್ನುಹುರಿ ತುಂಡಾಗಲಿಲ್ಲ, ಜಜ್ಜಿತು. ತುಂಡಾಗಿದ್ದರೆ ಕಾಲು ಸತ್ತು ನೋವೂ ಸಾಯುತ್ತಿತ್ತು ಎಂದು ಮಿಲಿಟರಿ ಆಸ್ಪತ್ರೆಯವರು ಅಂದರಂತೆ. ಜಜ್ಜಿದ್ದಕ್ಕೆ ಕಾಲೂ ಉಳಿಯಿತು, ಸೊಂಟದಿಂದ ಅಂಗಾಲಿನವರೆಗೆ ಸುಡುಗಾಡು ಉರಿಯೂ ಉಳಿಯಿತು. ಗೋಡೆ ಹಿಡಿದು ನಡೆಯುತ್ತಾನೆ. ಉಣ್ಣುವಾಗ ಅರ್ಧಕ್ಕೇ ಎದ್ದು ನಿಂತು ತಾಟು ಕೈಯಲ್ಲಿ ಹಿಡಿದು ಉಣ್ಣುತ್ತಾನೆ. ಕಾಲಿನ ಮೇಲೆ ದುಪ್ಪಟಿಯ ಅಂಚು ತಾಗಿದರೂ ಬೆವರುತ್ತಾನೆ. ಆದರೆ ಬಾಯಿ? ಬಾಯಿಗೆ ಬೀಗ. ಹದಿನೈದು ವರ್ಷದಲ್ಲಿ ಕಾಶವ್ವ ಅವನ ಬಾಯಿಂದ ಒಂದೇ ಒಂದು 'ಅಯ್ಯೋ' ಕೇಳಿರಲಿಲ್ಲ.

ಮಗಳು ವೈಶಾಲಿ ಡಾಕ್ಟರಿಕೆ ಸೀಟು ಗಿಟ್ಟಿಸಿಕೊಂಡಿದ್ದಳು. ಅಪ್ಪನಿಗೆ ಪೂರ್ಣ ಶ್ರೇಣಿ ಬಂದರೆ ಕಾಲೇಜು, ಇಲ್ಲವಾದರೆ ಆ ಸೀಟು ಇನ್ನೊಬ್ಬರ ಪಾಲು. "ಆಸ್ಪತ್ರ್ಯಾಗ ಮಲಕ್ಕೊಂಡು ಡಾಕ್ಟರಿಗೆ ಸಾಬ್ ಸಾಬ್ ಅಂದು ನನ್ನ ನಾಲಿಗಿ ಸವದೈತಿ" ಎಂದು ಲಗಮಪ್ಪ ನಗಾಡುತ್ತಿದ್ದ. "ಒಂದಿನ ನಮ್ಮ ವೈಶಾಲಿಗೆ ಸಾಬ್ ಅನಬೇಕು. ಆಮ್ಯಾಲ ಸತ್ರೂ ಚಿಂತಿಲ್ಲ."

"ಸಾಯೂ ಮಾತು ಬ್ಯಾಡ್ರಿ. ಹೋಗಿ ಕೂತು ಬರೂದಷ್ಟ ಐತಿ" ಅಂದಿದ್ದಳು ಕಾಶವ್ವ. ಅವಳಿಗೆ ಅನುಮಾನವೇ ಇರಲಿಲ್ಲ.

ಬೆಳಗಾವಿಯಲ್ಲಿ ಹೊಸದಾಗಿ ಕಟ್ಟಿದ ಯೋಧ ಸೌಖ್ಯ ಕೇಂದ್ರ. ಜೊತೆಗೆ ಬಂದವರು ಗಾಜಿನ ಈಚೆ, ಯಂತ್ರ ನಡೆಸುವ ಕೋಣೆಯಲ್ಲೇ ಕೂತು ನೋಡಬಹುದು. ಯಾರಿಂದಲೂ ಮುಚ್ಚುಮರೆ ಇರಬಾರದೆಂದು ಮಾಡಿದ ನಿಯಮ ಅದು. ಅಲ್ಲಿ ಡಾಕ್ಟರ್ ಸುವ್ರತಾ ಉಪಾಧ್ಯೆ ಎಂಬ ಕನ್ನಡಕದ ಹೆಣ್ಣುಮಗಳು ಪರದೆಯ ಮುಂದೆ ಕೂತಿದ್ದಳು. ಕಾಶವ್ವನಿಗೆ ಕುರ್ಚಿ ಎಳೆದುಕೊಟ್ಟಳು, ನೀರು ಕೊಟ್ಟಳು. ಆಚೆ ಲಗಮಪ್ಪ ಗೋಡೆ ಹಿಡಿದು ಬಂದು, ಮುಖ ಕಿವುಚಿಕೊಂಡು ಕೂತ. ಸಹಾಯಕರು ಟೊಪ್ಪಿಗೆ ಹಾಕಿದರು. ಪರದೆಯ ಮೇಲೆ ಹಸಿರು ಗೆರೆ ಎದ್ದಿತು, ಪಕ್ಕದಲ್ಲಿ ಅರವತ್ತನಾಲ್ಕು ಎಂದು ತೋರಿಸಿತು.

"ಇದು ಬರೀ ಪರೀಕ್ಷಾ ಗೆರಿ. ಲೆಕ್ಕಕ್ಕ ಹಿಡಿಯೂದು ಶ್ರೇಣಿ ಕೊಡೂ ಮಂಡಳಿ ಬಂದ ಮ್ಯಾಲ" ಅಂದಳು ಡಾಕ್ಟರು. "ಚಿಂತಿ ಮಾಡಬ್ಯಾಡ್ರಿ, ಆರಾಮ ದಾಟತೈತಿ."

ಅಷ್ಟರಲ್ಲಿ ಮಂಡಳಿ ಬಂತು. ಈ ಹೊಸ ಯೋಜನೆಯಲ್ಲಿ ಒಂದು ಪದ್ಧತಿ ಇಟ್ಟಿದ್ದರು. ಹಿಂದೆ ಈ ಯೋಧರನ್ನು ಕಚೇರಿಯ ಜವಾನನೂ ಏಕವಚನದಲ್ಲಿ ಕರೆದು ಬಾಗಿಲಲ್ಲಿ ನಿಲ್ಲಿಸುತ್ತಿದ್ದನಲ್ಲ, ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಇಲ್ಲಿ ಸಮವಸ್ತ್ರದ ಸುಬೇದಾರನೊಬ್ಬ ಪ್ರತಿಯೊಬ್ಬರ ಹುದ್ದೆ ಹಿಡಿದು ಹೆಸರು ಕೂಗುತ್ತಿದ್ದ, ನಿವೃತ್ತ ಕರ್ನಲ್ ಸಾಹೇಬರು ಎದುರು ನಿಂತು ಸೆಲ್ಯೂಟ್ ಹೊಡೆಯುತ್ತಿದ್ದರು. ಒಳ್ಳೆಯ ಪದ್ಧತಿ. ಕೆಲವರು ಅಲ್ಲೇ ಕಣ್ಣೀರು ಹಾಕಿದ್ದರಂತೆ.

"ಹವಾಲ್ದಾರ್ ಲಗಮಪ್ಪ ನಾಯಿಕ್!"

"ಹಾಜರ್, ಸಾಬ್!"

ಕಾಶವ್ವ ಗಂಡನನ್ನು ನೋಡಿ ಬಾಯಿ ಮೇಲೆ ಕೈ ಇಟ್ಟಳು. ಕೂತಲ್ಲೇ ಅವನ ಬೆನ್ನು ನೆಟ್ಟಗಾಗಿತ್ತು. ಕೈ ಮುಷ್ಟಿ ಕಟ್ಟಿ ತೊಡೆಯ ಮೇಲೆ, ಎದೆ ಮುಂದೆ, ಕಣ್ಣು ಗೋಡೆಯ ಮೇಲೆ. ಕರ್ನಲ್ ಸಾಹೇಬರು ಸೆಲ್ಯೂಟ್ ಹೊಡೆದು, "ಹೇಗಿದ್ದೀರಿ, ಹವಾಲ್ದಾರ್? ನೋವು ಇದೆಯೇ?" ಎಂದು ಕೇಳಿದರು. "ಸಬ್ ಠೀಕ್, ಸಾಬ್!" ಎಂದು ಹಾಲ್ ನಡುಗುವಂತೆ ಕೂಗಿದ ಮಹಾರಾಯ. ಗೆರೆ ಇಳಿಯತೊಡಗಿತು. ಕಾಲು ಮಡಚಿಸಿದರು, ಬೆನ್ನು ಒತ್ತಿದರು, ಅಂಗಾಲಿಗೆ ಬ್ರಶ್ಶು ಆಡಿಸಿದರು. ಅವನು ಮಿಸುಕಲಿಲ್ಲ. ಅಂಕಿ ಒಂಬತ್ತಕ್ಕೆ ಬಂದು ಕೂತಿತು.

"ಒಂಬತ್ತರಿ?" ಅಂದಳು ಕಾಶವ್ವ. "ಮೇಡಮ್‌ರ, ಮಶಿನ್ ಕೆಟ್ಟೈತೇನ್ರಿ? ಒಂಬತ್ತಂದ್ರ ನಮ್ಮ ಅಂಗನವಾಡಿ ಹುಡುಗರಿಗೆ ಮುಳ್ಳು ಚುಚ್ಚಿದ್ರೂ ಬರತೈತಲ್ರಿ!"

ಡಾಕ್ಟರು ಗೆರೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ, "ಮಶಿನ್ ಸರಿ ಐತ್ರಿ. ಅವರಿಗೆ ಈಗ ಖರೇನ ನೋವಿಲ್ಲ" ಅಂದಳು.

ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ನೋವು ವಾಪಸು ಬಂತು. ಬಡ್ಡಿ ಸಮೇತ ಬಂತು. ಲಗಮಪ್ಪ ಕಂಬ ತಬ್ಬಿಕೊಂಡು ನಿಂತುಬಿಟ್ಟ, ಮುಖ ಬಿಳಿಚಿ ಹೋಗಿತ್ತು. ಕಾಶವ್ವನಿಗೆ ಸಿಟ್ಟು ನೆತ್ತಿಗೇರಿತು. ಕಂಬದ ಮೇಲೇ ಕೈ ಬಡಿದು, "ಆಗ ಎಲ್ಲಿಗೆ ಹೋಗಿತ್ರಿ ಇದು ಹಾಳಾದ್ದು? ಅಲ್ಲಿ ಒಂದೀಟು ಬರಾಕ ಏನಾಗಿತ್ತು?" ಎಂದು ಅತ್ತಳು.

"ನನಗೇನ್ ಗೊತ್ತ?" ಅಂದ ಅವನು ಹಲ್ಲು ಕಚ್ಚಿ. "ಸಾಬ್ ಎದುರು ನಿಂತಾಗ ಅದು ಇರಲೇ ಇಲ್ಲ."

ಮರುವಾರ ಕಾಶವ್ವ ಒಬ್ಬಳೇ ಬೆಳಗಾವಿಗೆ ಹೋದಳು. ಡಾಕ್ಟರ್ ಸುವ್ರತಾ ಅವಳಿಗೆ ಪರದೆಯ ಮೇಲೆ ಗೆರೆಯನ್ನು ಮತ್ತೆ ಓಡಿಸಿ ತೋರಿಸಿದಳು. ಸುಬೇದಾರನ ಕೂಗು ಬಿದ್ದ ಕ್ಷಣದಲ್ಲೇ ಗೆರೆ ಇಳಿದಿತ್ತು.

"ಊರಿಗೆ ಅಗಸಿ ಬಾಗಿಲ ಇರತೈತಲ್ಲ ಕಾಶವ್ವ, ಹಂಗ ಬೆನ್ನುಹುರಿಗೂ ಒಂದು ಅಗಸಿ ಐತಿ. ಕೆಳಗಿನಿಂದ ನೋವು ಬರತೈತಿ, ಮಿದುಳು ಮ್ಯಾಲಿನಿಂದ ಅಗಸಿ ಮುಚ್ಚಬಹುದು. ನಮ್ಮಂಥವರಿಗೆ ಅದು ಎಲ್ಲೋ ಅಪರೂಪಕ್ಕ ಆಗತೈತಿ, ಬೆಂಕಿ ಬಿದ್ದಾಗ, ಕೂಸು ಬಾವ್ಯಾಗ ಬಿದ್ದಾಗ. ಇವರಿಗೆ ಪಲ್ಟನ್ ಕಲಿಸೇತಿ. ಮೈಯಾಗ ಆರಾಮಿಲ್ಲಂತ ಸಿಕ್ ರಿಪೋರ್ಟ್ ಮಾಡಿದಾಂವ ಅಂಜುಬುರುಕ ಅಂತ ವರ್ಷಗಟ್ಟಲೆ ತಲ್ಯಾಗ ತುಂಬ್ಯಾರ. ಅಧಿಕಾರಿ ಎದುರು ಬಂದ್ರ ಅಗಸಿ ತಾನಾಗೇ ಮುಚ್ಚತೈತಿ. ಇವರೊಬ್ಬರೇ ಅಲ್ಲ, ಇಲ್ಲಿ ಭಾಳ ಮಂದಿ ಹಿಂಗ ಅಂಕಿ ಕೆಳಗ ಇಳದು ಮನೀಗೆ ಹೋಗ್ಯಾರ. ಗೋದಾಮಿನ್ಯಾಗ ಮರನೋ ಕಲ್ಲೋ ಬಿದ್ದು ಪೆಟ್ಟು ಮಾಡಿಕೊಂಡ ಸ್ಟೋರ್ ಕೀಪರ್‌ಗಳು ಐವತ್ತು ದಾಟ್ಯಾರ."

"ಆ ಸೆಲ್ಯೂಟ್ ಬಂದ್ ಮಾಡ್ರಲ್ಲ ಮತ್ತ!"

ಅದನ್ನು ಡಾಕ್ಟರು ಆಗಲೇ ಕೇಳಿದ್ದಳು. ಕರ್ನಲ್ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ನನ್ನ ಸಿಪಾಯಿಗಳಿಗೆ ಇಷ್ಟು ಮರ್ಯಾದೆ ಕೊಡಿಸಲು ನಾನು ಹನ್ನೆರಡು ವರ್ಷ ದೆಹಲಿಯ ಮೆಟ್ಟಿಲು ಸವೆಸಿದ್ದೇನೆ, ಡಾಕ್ಟರ್" ಅಂದಿದ್ದರಂತೆ. "ಅವರನ್ನು ಮತ್ತೆ ರೋಗಿಗಳ ಸಾಲಿನಲ್ಲಿ ಕೂರಿಸಿ ಅಂತೀರಾ? ನಾನಿರುವವರೆಗೆ ಆಗದ ಮಾತು."

ಹೀಗೆ ಮರ್ಯಾದೆಯೇ ಅಡ್ಡ ಬಂದು ಕೂತಿತ್ತು. ಕಾಶವ್ವ ತಲೆಯ ಮೇಲೆ ಕೈ ಹೊತ್ತಳು. ಮೂರು ತಿಂಗಳ ನಂತರ ಇನ್ನೊಮ್ಮೆ ತೂಗಿಸಿಕೊಳ್ಳಲು ಅವಕಾಶವಿತ್ತು, ಕೊನೆಯ ಅವಕಾಶ. ಕಾಲೇಜಿನವರು ಅಷ್ಟು ದಿನ ಕಾಯುತ್ತೇವೆ ಅಂದಿದ್ದರು.

ಡಾಕ್ಟರು ಬಾಗಿಲು ಹಾಕಿ ಬಂದು ಕೂತಳು. "ನಾ ಇದನ್ನ ಹೇಳಬಾರದು. ಕಲಿತದ್ದನ್ನ ಮರಸಬಹುದು. ಅವರಿಗೆ ನೋವಾದಾಗ ತಡಕೊಳ್ಳಾಕ ಬಿಡಬ್ಯಾಡ್ರಿ. ನರಳಲಿ, ಅಳಲಿ, ಎಲ್ಲಿ ಎಷ್ಟು ಅಂತ ಬಾಯಿ ಬಿಟ್ಟು ಹೇಳಲಿ. ನೆಟ್ಟಗ ನಿಂದ್ರಾಕ ಬಿಡಬ್ಯಾಡ್ರಿ. ಸಿಪಾಯಿ ಅನ್ನೂದು ಅವರಿಗೆ ನೆನಪಾಗೂ ಹಂಗ ಮನ್ಯಾಗ ಏನೂ ಇರಬಾರದು. ಅಗಸಿ ಮುಚ್ಚೂದು ಮೈಗೆ ಮರತು ಹೋಗತೈತಿ." ಬಾಗಿಲ ಕಡೆ ನೋಡಿ ಅಂದಳು: "ಆಮ್ಯಾಲ ಅದು ಮತ್ತ ಮುಚ್ಚತೈತೋ ಇಲ್ಲೋ, ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಇದನ್ನ ಕೇಳಿಸಿಕೊಂಡ್ರೇನು?"

"ಹೂಂ ರಿ" ಅಂದಳು ಕಾಶವ್ವ. ಕೇಳಿಸಿಕೊಂಡಿದ್ದಳು. ಆದರೆ ಅವಳ ಲಕ್ಷ್ಯವೆಲ್ಲ ಮೊದಲಿನ ಮಾತಿನ ಮೇಲಿತ್ತು.

ಲಗಮಪ್ಪ ಮೊದಲು ಸುತಾರಾಂ ಒಪ್ಪಲಿಲ್ಲ. "ಗಂಡಸಾಗಿ ಬೋರ‍್ಯಾಡಿ ಅಳಂತೀ? ನಮ್ಮ ಪಲ್ಟನ್ ಮಂದಿ ಕೇಳಿದ್ರ ಏನಂದಾರು?"

"ನಿಮ್ಮ ಪಲ್ಟನ್ ಬಂದು ವೈಶಾಲಿನ್ನ ಕಾಲೇಜಿಗೆ ಕಳಸತೈತೇನ್ರಿ? ಕಳಸೂದಿದ್ರ ಹೇಳ್ರಿ, ನಾ ಸುಮ್ನಾಗ್ತೀನಿ."

ಅವನು ಒಪ್ಪಿದ. ಮಗಳ ಹೆಸರು ಬಂದರೆ ಆ ಮನುಷ್ಯನಲ್ಲಿ ಎದುರುವಾದವೇ ಇಲ್ಲ.

ಕಾಶವ್ವ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಗೋಡೆಯ ಮೇಲಿದ್ದ ಸಮವಸ್ತ್ರದ ಫೋಟೋ ಇಳಿಸಿದಳು. ಪದಕದ ಡಬ್ಬಿ, ಪಲ್ಟನ್ನಿನ ಟೊಪ್ಪಿ, ಬೂಟಿನ ಪಾಲಿಶ್ ಎಲ್ಲ ಟ್ರಂಕಿನ ತಳ ಸೇರಿದವು. ಬೆಳಕು ಹರಿಯುವ ಮುಂಚೆ ಎದ್ದು ಗಡ್ಡ ಹೆರೆಯುವುದು ಬಂದ್. ಹಾಸಿಗೆಯನ್ನು ಇಟ್ಟಿಗೆಯಂತೆ ಮಡಚಿಡುತ್ತಿದ್ದನಲ್ಲ, ಅದನ್ನು ಅವಳು ಕಾಲಿನಿಂದ ಚೆಲ್ಲಾಪಿಲ್ಲಿ ಮಾಡಿದಳು. ಅವನ ಜೊತೆ ಪಲ್ಟನ್ನಿನಲ್ಲಿ ನಾಯಕ್ ಆಗಿದ್ದ ಪಕ್ಕದೂರಿನ ಭೀಮಶಿ ಪ್ರತಿ ಗುರುವಾರ ಬಂದು ಬಾಗಿಲಲ್ಲಿ "ಜೈ ಹಿಂದ್ ಹವಾಲ್ದಾರ್ ಸಾಬ್" ಅನ್ನುತ್ತಿದ್ದ. ಅವನನ್ನು ಓಣಿಯ ತುದಿಯಲ್ಲೇ ತಡೆದು, "ಅಣ್ಣಾ, ನಿನ್ನ ಕಾಲು ಬೀಳ್ತೀನಿ, ಮೂರು ತಿಂಗಳು ಈ ಕಡೆ ಹಾಯಬ್ಯಾಡ" ಅಂದಳು. ಭೀಮಶಿ ಮುಖ ಗಂಟಿಕ್ಕಿಕೊಂಡು ಹೋದವನು ಆಮೇಲೆ ಬರಲೇ ಇಲ್ಲ.

ಅಳುವುದನ್ನು ಕಲಿಸುವುದು ಮಾತ್ರ ಅಂದುಕೊಂಡಷ್ಟು ಹಗುರಾಗಿರಲಿಲ್ಲ. ಅಂಗನವಾಡಿಯಲ್ಲಿ ಅಳುವ ಕೂಸುಗಳನ್ನು ಸುಮ್ಮನಿರಿಸುವುದೇ ಅವಳ ವೃತ್ತಿ. ಇಲ್ಲಿ ಸುಮ್ಮನಿರುವವನನ್ನು ಅಳಿಸಬೇಕು. "ಎಲ್ಲಿ ಉರಿಯಾಕತ್ತೈತಿ ಹೇಳ್ರಿ." "ಇರ್ಲಿ ಬಿಡ." "ಇರ್ಲಿ ಬಿಡ ಅನಬ್ಯಾಡ್ರಿ! ಎಲ್ಲಿ?" "ಹಿಂಬಡದಾಗ." "ಎಷ್ಟು?" "ಭಾಳ." "ಹಂಗಾರ ನರಳ್ರಿ." ಅವನು ನರಳುವುದು ಕೇಳಿದರೆ ಅವಳಿಗೆ ನಗು ಬರುತ್ತಿತ್ತು, ನಾಟಕದಲ್ಲಿ ಮಾತು ಮರೆತವನ ಹಾಗೆ ಗಂಟಲು ಸರಿಪಡಿಸಿಕೊಂಡು "ಆ" ಅನ್ನುತ್ತಿದ್ದ. ಇಬ್ಬರೂ ನಕ್ಕುಬಿಡುತ್ತಿದ್ದರು. ಆ ದಿನಗಳಲ್ಲಿ ನಗು ಇನ್ನೂ ಇತ್ತು ಮನೆಯಲ್ಲಿ.

ಒಂದು ಮುಂಜಾನೆ ಅಂಗಳದಲ್ಲಿ ಕೈಜಾರಿ ಬಿದ್ದ ಟವೆಲ್ ಎತ್ತಲು ಬಗ್ಗಿದ ಲಗಮಪ್ಪ ಹಾಗೇ ನಿಂತ. ಮೇಲೇಳಲಿಲ್ಲ. "ಯವ್ವಾ!" ಎಂದು ಎದೆಯಿಂದ ಕೂಗು ಹೊರಟಿತು, ಅವನು ನೆಲಕ್ಕೆ ಕುಸಿದು ಕೂಸಿನ ಹಾಗೆ ಅತ್ತ. ಓಣಿಯವರೆಲ್ಲ ಬಾಗಿಲಿಗೆ ಬಂದರು. ಕಾಶವ್ವ ರೊಟ್ಟಿ ಬಡಿಯುವುದು ಬಿಟ್ಟು ಓಡಿ ಬಂದು ಅವನ ತಲೆ ಎದೆಗವಚಿಕೊಂಡಳು. ಅವಳಿಗೆ ಖುಷಿಯಾಗಿತ್ತು. ಹೌದು, ಖುಷಿ. ಬಂತು, ಬಂತು, ಇನ್ನು ನಮ್ಮ ಹುಡುಗಿ ಡಾಕ್ಟರಾದಳು ಎಂದು ಮನಸ್ಸು ಕುಣಿದಿತ್ತು. ಆ ಖುಷಿಯನ್ನು ನೆನೆದರೆ ಇವತ್ತಿಗೂ ಅವಳಿಗೆ ತನ್ನ ಮುಖ ತಾನೇ ನೋಡಿಕೊಳ್ಳಲಾಗುವುದಿಲ್ಲ.

ಎರಡನೆಯ ಸಲ ಮಂಡಳಿ ಬಂದಾಗ ಗಾಜಿನ ಈಚೆ ಕಾಶವ್ವ, ವೈಶಾಲಿ ಇಬ್ಬರೂ ಕೂತಿದ್ದರು. ಗಡ್ಡ ಬಿಟ್ಟ, ಬೆನ್ನು ಬಾಗಿದ ಮುದುಕನೊಬ್ಬ ಕುರ್ಚಿಯಲ್ಲಿದ್ದ. ಸುಬೇದಾರ ಕೂಗಿದ. ಲಗಮಪ್ಪನ ಭುಜ ಒಂದು ಸಲ ಅದುರಿತು, ಗೆರೆ ತುಸು ಇಳಿಯಿತು. ಕಾಶವ್ವ ಮಗಳ ಕೈ ಹಿಡಿದುಕೊಂಡಳು. ಆಮೇಲೆ ಗೆರೆ ತಿರುಗಿ ಮೇಲೆದ್ದಿತು. ಎದುರು ಕರ್ನಲ್ ಸಾಹೇಬರು ಕೈ ಹಣೆಗೆ ಹಚ್ಚಿ ನಿಂತಿದ್ದಾರೆ, ಇವನು "ಸಾಬ್, ಉರಿ ಸಾಬ್, ತಡಿಯಾಕ ಆಗವಲ್ದು ಸಾಬ್" ಎಂದು ಅಳುತ್ತಿದ್ದಾನೆ. ಬ್ರಶ್ಶು ಅಂಗಾಲಿಗೆ ತಾಗಿದಾಗ ಅವನು ಕಿರುಚಿದ್ದು ಗಾಜು ದಾಟಿ ಬಂತು. ಹೊರಗಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಯೋಧರು ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಕರ್ನಲ್ ಸಾಹೇಬರು ಕೈ ಇಳಿಸಿ, ಕಿಟಕಿಯ ಕಡೆಗೆ ತಿರುಗಿ ನಿಂತರು.

ಎಪ್ಪತ್ತಮೂರು.

"ಅವ್ವಾ, ಬಂತು!" ಎಂದು ವೈಶಾಲಿ ತಾಯಿಯ ಕೊರಳಿಗೆ ಬಿದ್ದಳು. ಮರುಕ್ಷಣವೇ ಗಾಜಿನಾಚೆ ಅಪ್ಪನನ್ನು ನೋಡಿ ಅವಳ ಮುಖ ಸಪ್ಪಗಾಯಿತು. "ಅಪ್ಪಾಗ ಇಷ್ಟು ನೋವು ಇತ್ತೇನವ್ವಾ? ನನಗ ಗೊತ್ತೇ ಇರಲಿಲ್ಲ."

"ಇನ್ನ ಚಿಕಿತ್ಸಿ ಸಿಗತೈತಲ್ಲ, ಎಲ್ಲಾ ಹೋಗತೈತಿ" ಅಂದಳು ಕಾಶವ್ವ. ಡಾಕ್ಟರ್ ಸುವ್ರತಾ ನಗಲಿಲ್ಲ, ಅಂಕಿಯನ್ನು ಬರೆದುಕೊಂಡಳು.

ವೈಶಾಲಿ ಕಾಲೇಜಿಗೆ ಹೋದಳು. ಫೋಟೋ ಮತ್ತೆ ಗೋಡೆಗೇರಿತು. ಕಾಶವ್ವ ತಾನೇ ಕೈಯಾರೆ ಗಂಡನ ಗಡ್ಡ ತೆಗೆದು, ಹಾಸಿಗೆಯನ್ನು ಚೌಕಾಗಿ ಮಡಚಿಟ್ಟು, "ಆತಲ್ರಿ, ಇನ್ನ ಸಾಕು. ಮೊದಲಿನ ಹಂಗ ಇರ್ರಿ" ಅಂದಳು.

ಅವನಿಗೆ ಆಗಲಿಲ್ಲ. ಪ್ರಯತ್ನ ಮಾಡಲಿಲ್ಲವೆಂದಲ್ಲ. ಹಲ್ಲು ಕಚ್ಚಿದ, ಬೆನ್ನು ನೆಟ್ಟಗೆ ಮಾಡಿದ, ಹಳೆಯ ಹುಕುಮುಗಳನ್ನು ತನಗೆ ತಾನೇ ಕೂಗಿಕೊಂಡ. ಎಲ್ಲ ವ್ಯರ್ಥ. ಮೊದಲು ನೋವು ಬಂದು ಹೋಗಿ ಮಾಡುತ್ತಿತ್ತು. ಈಗ ಮನೆಯಲ್ಲೇ ಠಿಕಾಣಿ ಹೂಡಿತ್ತು. ಫ್ಯಾನಿನ ಗಾಳಿ ಕಾಲಿಗೆ ಬಡಿದರೆ ಕೂಗುತ್ತಾನೆ. ಓಣಿಯಲ್ಲಿ ಟ್ರ್ಯಾಕ್ಟರ್ ಹೋದರೆ ಆ ಅದುರಿಗೆ ಕೂಗುತ್ತಾನೆ. ತಾಟು ಹಿಡಿದು ನಿಂತು ಉಣ್ಣುತ್ತಿದ್ದವನು ಈಗ ಮಲಗಿದಲ್ಲೇ ಕೈತುತ್ತು ಉಣ್ಣುತ್ತಾನೆ. ಊರ ಹೆಂಗಸರು ಕಾಶವ್ವನ ಮುಂದೆಯೇ, "ಎಂಥಾ ಗಂಡನ್ನ ಹೆಂಗ ಮಾಡಿಟ್ಟಿ ತಾಯಿ" ಅಂದರು. ಅವರು ಹೇಳಿದ್ದು ಖರೆಯೇ ಆಗಿತ್ತು.

ಆದರೂ ಚಿಕಿತ್ಸೆ ಇತ್ತಲ್ಲ. ಅದೂ ಎಂಥ ಚಿಕಿತ್ಸೆ! ಸೊಂಟದ ಚರ್ಮದಡಿ ಕಡಲೆಕಾಳಿನಷ್ಟು ಒಂದು ತುಣುಕು ಕೂರಿಸಿದರೆ ಅದೇ ಅಗಸಿ ಕಾಯುತ್ತದೆ, ನೋವನ್ನು ಮೇಲೆ ಬಿಡುವುದಿಲ್ಲ. ನರ್ಸಮ್ಮ ಮನೆಗೇ ಬಂದು ಅರ್ಧ ತಾಸಿನಲ್ಲಿ ಕೂರಿಸಿ ಹೋಗುತ್ತಾಳೆ. ಕಾಶವ್ವ ದಿನ ಗೊತ್ತು ಮಾಡಲು ಬೆಳಗಾವಿಗೆ ಹೋದಳು. ಯಂತ್ರದ ಕೋಣೆಯಲ್ಲಿ ಡಾಕ್ಟರ್ ಸುವ್ರತಾ ಅವಳ ಕೈ ಹಿಡಿದು ಕೂರಿಸಿದಳು.

"ಕಾಶವ್ವ, ಒಂದು ಮಾತು ತಿಳಕೊಂಡು ಮುಂದಿನದು ಮಾಡ್ರಿ. ವರ್ಷಕ್ಕೊಮ್ಮೆ ಮತ್ತ ತೂಗ್ತಾರ. ಆ ತುಣುಕು ಕೂಡಿಸಿದ ಮ್ಯಾಲ ಅಂಕಿ ಐದಕ್ಕೋ ಆರಕ್ಕೋ ಇಳಿತೈತಿ. ಐವತ್ತರ ಕೆಳಗ ಇಳಿದ್ರ ಪೂರ್ಣ ಶ್ರೇಣಿ ಹೋಗತೈತಿ."

"ಹೋದ್ರ ಹೋಗ್ಲಿ ಬಿಡ್ರಿ. ನೋವ ಇಲ್ಲಂದ ಮ್ಯಾಲ ಔಷಧ ಯಾತಕ್ಕ?"

"ಶ್ರೇಣಿ ಹೋದ್ರ ಮಗಳ ಓದೂ ಅಲ್ಲಿಗೇ ನಿಂತಂಗ."

ಕಾಶವ್ವ ಎದ್ದು ನಿಂತಳು. "ಇದ್ಯಾವ ನ್ಯಾಯರಿ? ಗುಣಾ ಮಾಡಾಕ ನೀವೇ ಬರ್ತೀರಿ. ಗುಣಾ ಆದ್ರ ಹುಡುಗೀನ್ನ ಹೊರಗ ಹಾಕ್ತೀರಿ?"

"ಔಷಧದ ನಿಯಮ ಒಂದು ಮೇಜಿನ ಮ್ಯಾಲ ಮಾಡ್ಯಾರ, ಓದಿನ ನಿಯಮ ಇನ್ನೊಂದು ಮೇಜಿನ ಮ್ಯಾಲ. ಎರಡೂ ಭಾಳ ಒಳ್ಳೆ ನಿಯಮ. ಎರಡಕ್ಕೂ ಒಂದೇ ಅಂಕಿ ಹಿಡಿದ್ರು. ಗುಣ ಆದಾಂವಗ ಮಕ್ಕಳು ಇರ್ತಾರ ಅಂತ ಯಾರ ತಲಿಗೂ ಹೊಳಿಲಿಲ್ಲ." ಡಾಕ್ಟರು ಕನ್ನಡಕ ತೆಗೆದಿಟ್ಟಳು. "ನಾ ಮ್ಯಾಲಿನವರಿಗೆ ಹೇಳೇನ್ರಿ. ಮತ್ತ ಮತ್ತ ಹೇಳೇನಿ. ಪರಿಶೀಲನಾ ಮಾಡ್ತೀವಿ ಅಂತಾರ."

ಕಾಶವ್ವ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಒದ್ದಾಡಿದಳು. ಹೇಳಿದಾಗ ಲಗಮಪ್ಪ ಮಲಗಿದಲ್ಲೇ ಬೆರಳು ಮಡಚಿ ವರ್ಷ ಎಣಿಸಿದ. ಆಮೇಲೆ ಅವನೇ ಅಂದ: "ಐದೂವರಿ ವರ್ಷ ಅಲ್ಲೇನು? ತಡೀತೀನಿ. ಆಕಿ ಪಾಸಾದ ದಿನ ಕೂಡಿಸಿಕೊಂಡ್ರಾತು. ವೈಶಾಲಿಗೆ ಮಾತ್ರ ಬಾಯಿ ಬಿಡಬ್ಯಾಡ. ಗೊತ್ತಾದ್ರ ಪುಸ್ತಕ ಒಗದು ಬಂದಾಳು ಆಕಿ."

ಹೀಗೆ ಒಂದು ವರ್ಷ ಕಳೆಯಿತು. ಮರುತೂಕದಲ್ಲಿ ಎಪ್ಪತ್ತೆಂಟು ಬಂತು. ಮಗಳು ಫೋನಿನಲ್ಲಿ, ಅಪ್ಪನ ಚಿಕಿತ್ಸೆ ಯಾವಾಗ ಎಂದು ಕೇಳಿದಾಗಲೆಲ್ಲ, ಸಾಲಿನಲ್ಲಿ ಬಹಳ ಮಂದಿ ಇದ್ದಾರಂತೆ ಎಂದು ಕಾಶವ್ವ ಸುಳ್ಳು ಹೇಳಿದಳು. ಸುಳ್ಳು ರೂಢಿಯಾಯಿತು. ಅವನ ಕೂಗು ರೂಢಿಯಾಗಲಿಲ್ಲ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅವನು ಒಂದೊಂದು ದಿನ ಅವಳನ್ನು ಗುರುತೇ ಇಲ್ಲದವನ ಹಾಗೆ ನೋಡುತ್ತಿದ್ದ, ಇನ್ನೊಂದು ದಿನ ಕೈ ಹಿಡಿದು "ತಪ್ಪಾತು, ಸಾಕು ಮಾಡು" ಅನ್ನುತ್ತಿದ್ದ. ಯಾರ ತಪ್ಪು, ಏನು ತಪ್ಪು? ತಪ್ಪು ಮಾಡಿದವಳು ತಾನು ಎಂದು ಅವಳು ಅವನ ತಲೆ ಸವರುತ್ತಿದ್ದಳು.

ಎರಡನೆಯ ವರ್ಷದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಕಾಶವ್ವ ಅಂಗನವಾಡಿ ಮುಚ್ಚಿ ಬರುವಷ್ಟರಲ್ಲಿ ಬಾಗಿಲ ಮುಂದೆ ಯೋಧ ಸೌಖ್ಯದ ಬಿಳಿ ಗಾಡಿ ನಿಂತಿತ್ತು. ನರ್ಸಮ್ಮ ಪೆಟ್ಟಿಗೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಇನ್ನೂ ಎಳೆಯ ಹುಡುಗಿ, ಬಿಸಿಲಿಗೆ ಮುಖ ಕೆಂಪಗಾಗಿತ್ತು.

"ಹವಾಲ್ದಾರ ಸಾಹೇಬರು ಫೋನ್ ಮಾಡಿದ್ರು ರಿ. ಲಗೂನ ಬರ್ರಿ ಅಂದ್ರು" ಅಂದಳು. "ತುಣುಕು ತಂದೇನ್ರಿ, ಅರ್ಧ ತಾಸಿನ ಕೆಲಸ. ಇವತ್ತ ಸಂಜೀಕ ಎದ್ದು ಅಡ್ಡಾಡ್ತಾರ ನೋಡ್ರಿ."

ಕಾಶವ್ವ ಅವಳನ್ನು ದಾಟಿ ಹೋಗಿ ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡ ನಿಂತಳು. ಒಳಗಿಂದ ಲಗಮಪ್ಪನ ದನಿ ಬಂತು. "ಬಂದಳೇನ? ಕಾಶಿ, ಬಂದಳೇನ ಆಕಿ?"

ಅವಳ ಕಣ್ಣ ಮುಂದೆ ಬಿಳಿ ಕೋಟು ಹಾಕಿದ ಮಗಳಿದ್ದಳು. ಬೆನ್ನ ಹಿಂದೆ ಗಂಡನಿದ್ದ. ಅವಳ ಬಾಯಿಂದ ಮಾತು ತಾನಾಗೇ ಹೊರಬಿತ್ತು.

"ಅವರು ಮನ್ಯಾಗಿಲ್ರಿ."

ನರ್ಸಮ್ಮ ಬೆರಗಾಗಿ ಅವಳ ಭುಜದ ಆಚೆಗೆ ನೋಡಿದಳು. "ಅಮ್ಮಾರ, ಒಳಗ ಅವರದ ದನಿ ಕೇಳಾಕತ್ತೈತಿ..."

"ಅವರು ಮನ್ಯಾಗಿಲ್ಲಂದ್ನೆಲ್ರಿ. ಹೊರಗ ಹೋಗ್ಯಾರ."

"ಕಾಶಿ!" ಒಳಗೆ ಹಾಸಿಗೆಯಿಂದ ಏನೋ ಕೆಳಗೆ ಬಿದ್ದ ಸಪ್ಪಳವಾಯಿತು. "ಕಾಶಿ, ಬಿಡ ಆಕೀನ ಒಳಗ! ನಿನಗ ಕೈ ಮುಗೀತೀನಿ, ಬಿಡ! ಇವತ್ತೊಂದಿನ ಬಿಡ!"

ಕಾಶವ್ವ ಬಾಗಿಲಿನ ಎರಡೂ ಕಡೆಯ ಚೌಕಟ್ಟು ಹಿಡಿದಳು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಎದುರು ಮನೆಯವರು ಹೊರಗೆ ಬಂದು ನಿಂತರು.

ಗುಣವಾದರೆ ಮಕ್ಕಳ ಓದು ನಿಲ್ಲುವ ನಿಯಮ ನರ್ಸಮ್ಮನಿಗೂ ಗೊತ್ತಿತ್ತು. ಇಂಥ ಬಾಗಿಲುಗಳನ್ನು ಅವಳು ಮೊದಲೂ ನೋಡಿದ್ದಳೋ ಏನೋ. ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದಳು:

"ಮತ್ತ ಯಾವಾಗ ಬರ್ಲಿರಿ?"

"ನಾಲ್ಕು ವರ್ಷ ಬಿಟ್ಟು ಬರ್ರಿ, ಸಿಸ್ಟರ್" ಅಂದಳು ಕಾಶವ್ವ.

ಗಾಡಿ ಹೋಯಿತು. ಅವಳು ಒಳಗೆ ಬಂದಾಗ ಲಗಮಪ್ಪ ನೆಲದ ಮೇಲೆ ಬಿದ್ದಿದ್ದ, ಬಾಗಿಲ ಕಡೆಗೆ ತೆವಳಿಕೊಂಡು ಅರ್ಧ ದಾರಿ ಬಂದಿದ್ದ. ಅವಳನ್ನು ನೋಡಿ ಬಯ್ಯಲಿಲ್ಲ. ಅವಳ ಹಿಂದೆ ಯಾರಾದರೂ ಇದ್ದಾರೇನೋ ಎಂದು ಒಂದು ಸಲ ಇಣುಕಿ ನೋಡಿದ. ಯಾರೂ ಇರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಸುರುಳಿ ಮಾಡಿ ತಾನೇ ಬಾಯಿಗೆ ತುರುಕಿಕೊಂಡು ಗೋಡೆಯ ಕಡೆಗೆ ಹೊರಳಿದ. ಕಾಶವ್ವ ಅವನ ಪಕ್ಕದಲ್ಲಿ ಕೂತಳು. ಅವನ ಮೈ ಮುಟ್ಟಬೇಕೆನಿಸಿತು, ಮುಟ್ಟಿದರೆ ನೋಯುತ್ತದೆ ಎಂದು ಮುಟ್ಟಲಿಲ್ಲ.